ಮೊದಲು ಗುರುತು, ಆಮೇಲೆ ಈಟಿ

ದ್ವಿತೀಯ ಪಿಯುಸಿಯಲ್ಲಿ ಅನ್ಯ ಪ್ರಭೇದಗಳ ಆಕ್ರಮಣದ ಪಾಠ ಮಾಡುತ್ತಾ ವಿಕ್ಟೋರಿಯಾ ಸರೋವರದ ನೈಲ್ ಪರ್ಚ್ ಜೊತೆಗೆ ಲಯನ್‌ಫಿಶ್ ಉದಾಹರಣೆಯನ್ನೂ ಕೊಟ್ಟೆ. ಅಮೆರಿಕದ ಫ್ಲೋರಿಡಾದಲ್ಲಿ ಡೈವರ್‌ಗಳು ಇದನ್ನು ಈಟಿಯಿಂದ ಚುಚ್ಚಿ ಹಿಡಿಯುತ್ತಾರೆ ಎಂದಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಮೀನನ್ನು ಕೊಂದರೆ ಸಮುದ್ರ ಹೇಗೆ ಉಳಿಯುತ್ತದೆ ಸರ್?" ಅಷ್ಟರಲ್ಲಿ ಬೆಲ್ ಆಯಿತು. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಲಯನ್‌ಫಿಶ್‌ನ ತವರು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರ. ಫ್ಲೋರಿಡಾದಲ್ಲಿ ಅದು ಮೊದಲು ಕಂಡದ್ದು 1985ರಲ್ಲಿ. ಅಕ್ವೇರಿಯಂ ಮೀನುಗಳನ್ನು ಸಮುದ್ರಕ್ಕೆ ಬಿಟ್ಟದ್ದೇ ಕಾರಣವೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಈಗ ಅದು ಕೆರಿಬಿಯನ್ ಸಮುದ್ರದ ತುಂಬ ಹರಡಿದೆ. ಅಲ್ಲಿ ಅದನ್ನು ತಿನ್ನುವ ಜೀವಿಗಳು ತೀರಾ ಕಡಿಮೆ. ಸಣ್ಣ ಮೀನುಗಳಿಗೆ ಅದು ಶತ್ರುವೆಂದೇ ತಿಳಿಯದು. ಬಹಾಮಾಸ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಲಯನ್‌ಫಿಶ್ ಇದ್ದ ಹವಳದ ದಿಬ್ಬಗಳಿಗೆ ಹೊಸದಾಗಿ ಸೇರುವ ಮರಿಮೀನುಗಳು ಐದೇ ವಾರಗಳಲ್ಲಿ ಶೇ. 79ರಷ್ಟು ಕಡಿಮೆಯಾದವು.

ಗುರುತಿಸುವುದು ಹೇಗೆ? ಮೈಮೇಲೆ ಕಂದುಗೆಂಪು ಮತ್ತು ಬಿಳಿ ಪಟ್ಟೆಗಳು, ಬೀಸಣಿಗೆಯಂತಹ ಪಕ್ಕದ ಈಜುರೆಕ್ಕೆಗಳು. ವಿಷಮುಳ್ಳುಗಳು ಒಟ್ಟು 18: ಬೆನ್ನಿನಲ್ಲಿ 13, ಹೊಟ್ಟೆಯ ಕೆಳಗೆ 2, ಗುದದ ಈಜುರೆಕ್ಕೆಯಲ್ಲಿ 3. ಇದರ ಹತ್ತಿರದ ಬಂಧು ಸ್ಕಾರ್ಪಿಯನ್‌ಫಿಶ್ ಅಲ್ಲಿಯದೇ ಮೀನು. ಕಲ್ಲಿನ ಬಣ್ಣದ ಅದು ತಳಕ್ಕೆ ಅಂಟಿಕೊಂಡು ಕೂರುತ್ತದೆ. ಗುರುತು ತಪ್ಪಿದರೆ ಸಾಯುವುದು ಊರಿನ ಮೀನು.

ಲಯನ್‌ಫಿಶ್ ಗಾಳಕ್ಕೆ ಬೀಳುವುದು ಅಪರೂಪ. ಆದರೆ ಮನುಷ್ಯನನ್ನು ಕಂಡು ಓಡುವುದಿಲ್ಲ. ಡೈವರ್ ನಿಧಾನವಾಗಿ ಹತ್ತಿರ ಹೋಗಿ, ರಬ್ಬರ್ ಪಟ್ಟಿಯ ಗಿಡ್ಡ ಈಟಿಯಿಂದ ತಲೆಯ ಹಿಂಭಾಗಕ್ಕೆ ಗುರಿಯಿಡುತ್ತಾನೆ. ಈಟಿ ಹವಳಕ್ಕೆ ತಾಗಬಾರದು. ಸತ್ತ ಮೇಲೂ ಮುಳ್ಳಿನಲ್ಲಿ ವಿಷವಿರುವುದರಿಂದ ಮೀನನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕುತ್ತಾರೆ. ಮುಳ್ಳು ಚುಚ್ಚಿದರೆ ಆ ಜಾಗವನ್ನು ತಡೆಯಬಹುದಾದಷ್ಟು ಬಿಸಿಯ ನೀರಿನಲ್ಲಿಟ್ಟು ವೈದ್ಯರ ಬಳಿ ಹೋಗಬೇಕು. ಶಾಖಕ್ಕೆ ವಿಷದ ಪ್ರೋಟೀನ್ ಕೆಡುತ್ತದೆ. ಮಾಂಸದಲ್ಲಿ ಈ ವಿಷವಿಲ್ಲ. ಹಿಡಿದ ಮೀನನ್ನು ಅಲ್ಲಿ ತಿನ್ನುತ್ತಾರೆ, ವ್ಯರ್ಥ ಮಾಡುವುದಿಲ್ಲ.

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲೂ ಲಯನ್‌ಫಿಶ್ ಇದೆ. ಇಲ್ಲಿ ಅದು ಮನೆಯ ಸದಸ್ಯ. ಈಟಿ ಎತ್ತಲು ಕಾರಣವಿಲ್ಲ. ಮೀನಿನಲ್ಲಿ ತಪ್ಪಿಲ್ಲ, ಮನುಷ್ಯ ಅದನ್ನು ಒಯ್ದು ಬಿಟ್ಟ ಜಾಗದಲ್ಲಿ ತಪ್ಪಿದೆ. ಸೂರಃ ಅರ್ರಹ್ಮಾನ್‌ನಲ್ಲಿ ಬರುವ 'ಮೀಝಾನ್', ಅಂದರೆ ಸಮತೋಲನ, ಎಂಬ ಮಾತು ಈ ಪಾಠ ಮಾಡುವಾಗಲೆಲ್ಲ ನನಗೆ ನೆನಪಾಗುತ್ತದೆ.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಅಕ್ವೇರಿಯಂ ಮೀನು ಬೇಡವಾದರೆ ಕೆರೆಗೋ ಹೊಳೆಗೋ ಬಿಡಬೇಡಿ. ಅಂಗಡಿಗೆ ಹಿಂತಿರುಗಿಸಿ, ಇಲ್ಲವೇ ಸಾಕುವವರಿಗೆ ಕೊಡಿ.