ಅಲೆಗಳಿಗೊಂದು ಜರಡಿ

ಮಕ್ಕಳೇ, ಜರಡಿ ಹಿಡಿದಾಗ ಹಿಟ್ಟು ಕೆಳಗೆ ಬೀಳುತ್ತದೆ, ಹೊಟ್ಟು ಮೇಲೆ ಉಳಿಯುತ್ತದೆ. ಕಣ್ಣಿಗೆ ಕಾಣದ ರೇಡಿಯೋ ಅಲೆಗಳನ್ನೂ ಹೀಗೆ ತಡೆಯಬಹುದೇ? ಮಾಡಿ ನೋಡಿ.

ಬೇಕಾಗುವ ವಸ್ತುಗಳು: ಬ್ಯಾಟರಿಯಿಂದ ನಡೆಯುವ ಚಿಕ್ಕ ರೇಡಿಯೋ, ಬಟ್ಟೆ, ಕಿಟಕಿಗೆ ಹಾಕುವ ಕಬ್ಬಿಣದ ಸೊಳ್ಳೆ ಜಾಲರಿ.

ವಿಧಾನ: ರೇಡಿಯೋದಲ್ಲಿ ಆಕಾಶವಾಣಿ ಕೇಂದ್ರವೊಂದನ್ನು ಹಚ್ಚಿ. ಮೊದಲು ಬಟ್ಟೆಯಿಂದ ಸುತ್ತಿ. ಹಾಡು ಕೇಳುತ್ತಲೇ ಇರುತ್ತದೆ. ಈಗ ಬಟ್ಟೆ ತೆಗೆದು, ಎಲ್ಲ ಬದಿಯೂ ಮುಚ್ಚುವಂತೆ ಜಾಲರಿ ಸುತ್ತಿ. (ತಂತಿಯ ತುದಿ ಚುಚ್ಚೀತು, ಎಚ್ಚರ!) ಹಾಡು ಕ್ಷೀಣಿಸುತ್ತದೆ, ಬರೀ ಗೊರಗೊರ ಸದ್ದು ಉಳಿಯಬಹುದು. ಆ ಸದ್ದು ಜಾಲರಿಯಿಂದ ಹೊರಬರುತ್ತಿದೆ. ಆದರೆ ರೇಡಿಯೋ ಅಲೆ ಒಳಹೋಗುತ್ತಿಲ್ಲ!

ಕಾರಣವೇನು? ಅಲೆ ಬಡಿದಾಗ ಲೋಹದಲ್ಲಿರುವ ಎಲೆಕ್ಟ್ರಾನುಗಳು ಅತ್ತಿತ್ತ ಚಲಿಸಿ ಅಲೆಯನ್ನು ಹಿಂದಿರುಗಿಸುತ್ತವೆ. ಬಟ್ಟೆಯಲ್ಲಿ ಹೀಗೆ ಸುಲಭವಾಗಿ ಚಲಿಸುವ ಎಲೆಕ್ಟ್ರಾನುಗಳಿಲ್ಲ. ಜಾಲರಿಯಲ್ಲಿ ರಂಧ್ರಗಳಿವೆಯಲ್ಲ ಎನ್ನುವಿರಾ? ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರವೇ ತರಂಗದೂರ. ರಂಧ್ರವು ತರಂಗದೂರಕ್ಕಿಂತ ಬಹಳ ಚಿಕ್ಕದಾಗಿದ್ದರೆ ಅಲೆಯ ಪಾಲಿಗೆ ಜಾಲರಿಯೂ ಗೋಡೆಯಂತೆಯೇ.

ಮೈಕ್ರೋವೇವ್ ಒಲೆಯ ಬಾಗಿಲಿನ ಗುಟ್ಟೂ ಇದೇ. ಅದರೊಳಗಿನ ಅಲೆಗಳ ತರಂಗದೂರ ಸುಮಾರು 12 ಸೆಂ.ಮೀ. ಬಾಗಿಲಿನ ಲೋಹದ ಹಾಳೆಯಲ್ಲಿರುವ ರಂಧ್ರಗಳು ಒಂದೆರಡು ಮಿ.ಮೀ. ಮಾತ್ರ. ಆದ್ದರಿಂದ ಆಹಾರ ಬಿಸಿ ಮಾಡುವ ಅಲೆ ಒಳಗೇ ಉಳಿಯುತ್ತದೆ. ಬೆಳಕಿನ ತರಂಗದೂರ ಒಂದು ಮಿ.ಮೀ.ನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅದು ಹೊರಬರುವುದರಿಂದ ಒಳಗಿನ ಆಹಾರ ಕಾಣುತ್ತದೆ. ಬಾಗಿಲು ಹಾಳಾದ ಒಲೆಯನ್ನು ಬಳಸಬಾರದು ಏಕೆಂದು ಈಗ ತಿಳಿಯಿತೇ?

ಲೋಹವನ್ನು ಜೋಡಿಸುವ ರೀತಿಯೂ ಮುಖ್ಯ. ಕೋಲ್ಕತ್ತದಲ್ಲಿ ಅಧ್ಯಾಪಕರಾಗಿದ್ದ ಜಗದೀಶ್ ಚಂದ್ರ ಬೋಸರು 1890ರ ದಶಕದಲ್ಲಿ ಒಂದು ಪುಸ್ತಕದ ಪುಟಗಳ ನಡುವೆ ತೆಳುವಾದ ಲೋಹದ ಹಾಳೆಗಳನ್ನಿಟ್ಟರು. ಪುಸ್ತಕದ ಅಂಚಿನ ಕಡೆಯಿಂದ ಕಿರು ಅಲೆಗಳನ್ನು ಹಾಯಿಸಿದರು. ಪುಸ್ತಕವನ್ನು ಒಂದು ರೀತಿ ಹಿಡಿದರೆ ಅಲೆ ದಾಟಿತು, ಕಾಲು ಸುತ್ತು ತಿರುಗಿಸಿದರೆ ನಿಂತಿತು!

2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇನ್ನೂ ಮುಂದೆ ಹೋದರು. ತೆಳುವಾದ ಪಟ್ಟಿಗಳ ಮೇಲೆ ಸುಮಾರು 3 ಮಿ.ಮೀ. ಅಳತೆಯ ತಾಮ್ರದ ವಿನ್ಯಾಸಗಳನ್ನು ಸಾಲಾಗಿ ಮೂಡಿಸಿ, ಆ ಪಟ್ಟಿಗಳನ್ನು ಬಳೆಗಳಂತೆ ಒಂದರೊಳಗೊಂದು ಇಟ್ಟರು. ಸುಮಾರು 3.5 ಸೆಂ.ಮೀ. ತರಂಗದೂರದ ಅಲೆಗಳು, ಬಂಡೆಯನ್ನು ಬಳಸಿ ಹರಿಯುವ ಹೊಳೆಯಂತೆ, ನಡುವಿನ ವಸ್ತುವನ್ನು ಬಳಸಿ ಮುಂದೆ ಸಾಗಿದವು. ಪೂರ್ಣವಾಗಿ ಅಲ್ಲದಿದ್ದರೂ, ಆ ಅಲೆಗಳಿಗೆ ವಸ್ತು ಬಹುಮಟ್ಟಿಗೆ ಮರೆಯಾಯಿತು.

ಯೋಚಿಸಿ: ಬೆಳಕನ್ನೂ ಹೀಗೆ ಬಾಗಿಸಬೇಕಾದರೆ ಆ ವಿನ್ಯಾಸಗಳು ಎಷ್ಟು ಚಿಕ್ಕದಾಗಿರಬೇಕು?