ಎರಡನೆಯ ಕೃತಿಯ ಪರೀಕ್ಷೆ: ಪಿಂಕ್ ಫ್ಲಾಯ್ಡ್ ತಂಡದ ಒಂದು ಸಂಪುಟವೂ ಅದರ ವಿಮರ್ಶಕರೂ

ಕಲಾವಿದನ ಮೊದಲ ಕೃತಿಗೆ ದೊರೆಯುವ ಸ್ವಾಗತವೇ ಬೇರೆ. ಎರಡನೆಯ ಕೃತಿಗೆ ಎದುರಾಗುವ ಪರೀಕ್ಷೆಯೇ ಬೇರೆ. ಮೊದಲನೆಯದು ಬಂದಾಗ ಅವನಿಂದ ಇಂತಹುದೇ ಬರಬೇಕೆಂದು ಯಾರೂ ಕಾದು ಕುಳಿತಿರುವುದಿಲ್ಲ. ಎರಡನೆಯದು ಬರುವಷ್ಟರಲ್ಲಿ ಮೊದಲನೆಯದೇ ಅಳತೆಗೋಲಾಗಿಬಿಟ್ಟಿರುತ್ತದೆ. ಹೊಸ ಕೃತಿ ಅದರಂತೆಯೇ ಇದ್ದರೆ 'ಹಳೆಯದನ್ನೇ ಮತ್ತೆ ಹೇಳಿದ್ದಾನೆ' ಎನ್ನುವರು. ಬೇರೆಯಾಗಿದ್ದರೆ 'ಮೊದಲಿನ ಸತ್ವ ಉಳಿದಿಲ್ಲ' ಎನ್ನುವರು. ಈ ಇಕ್ಕಟ್ಟು ಕಾವ್ಯಕ್ಕೆ ಹೇಗೋ ಸಂಗೀತಕ್ಕೂ ಹಾಗೆಯೇ. ಇಂತಹ ಸಂದರ್ಭದಲ್ಲಿ ವಿಮರ್ಶಕರು ಹೇಗೆ ನಡೆದುಕೊಳ್ಳುತ್ತಾರೆ, ಅವರ ಮಾತನ್ನು ನಾವು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ಒಂದು ನಿದರ್ಶನದ ಮೂಲಕ ಇಲ್ಲಿ ಪರಿಶೀಲಿಸೋಣ. ಆ ನಿದರ್ಶನವೆಂದರೆ ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಎಂಬ ತಂಡವು 1968ರಲ್ಲಿ ಹೊರತಂದ 'ಎ ಸಾಸರ್‌ಫುಲ್ ಆಫ್ ಸೀಕ್ರೆಟ್ಸ್' ಎಂಬ ಎರಡನೆಯ ಆಲ್ಬಂ.

ಮೊದಲು ಈ ಸಂಗೀತದ ಜಾತಿಯನ್ನು ಅರಿಯಬೇಕು. ಇದನ್ನು ಸೈಕೆಡೆಲಿಕ್ ರಾಕ್ ಎಂದು ಕರೆಯುತ್ತಾರೆ. ಮನಸ್ಸು, ಪ್ರಕಟಗೊಳಿಸು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯರು 1950ರ ದಶಕದಲ್ಲಿ ಈ ಶಬ್ದವನ್ನು ನಿರ್ಮಿಸಿದರು. ಎಲ್.ಎಸ್.ಡಿ. ಮೊದಲಾದ ಮಾದಕ ದ್ರವ್ಯಗಳು ಉಂಟುಮಾಡುವ ವಿಚಿತ್ರ ಮನಃಸ್ಥಿತಿಯನ್ನು ಸೂಚಿಸಲು ಹುಟ್ಟಿದ ಮಾತು, 1960ರ ದಶಕದ ನಡುವಿನಲ್ಲಿ ಸಂಗೀತಕ್ಕೂ ಅಂಟಿಕೊಂಡಿತು. ವಿದ್ಯುತ್ ಗಿಟಾರಿನ ದೀರ್ಘ ನಾದ, ಪ್ರತಿಧ್ವನಿ, ಆರ್ಗನ್ನಿನ ಅಲೆಯಂತಹ ಸ್ವರ, ವೇದಿಕೆಯ ಮೇಲೆ ಓಲಾಡುವ ಬಣ್ಣದ ಬೆಳಕು ಇವು ಅದರ ಹೊರಗುರುತುಗಳು. ಮೂರು ನಿಮಿಷದ ಹಾಡಿನ ಕಟ್ಟನ್ನು ಮೀರಿ ಕೇಳುಗನನ್ನು ಬೇರೊಂದು ಲೋಕಕ್ಕೆ ಕೊಂಡೊಯ್ಯುವುದು ಅದರ ಒಳ ಉದ್ದೇಶ.

ರೋಜರ್ ವಾಟರ್ಸ್, ನಿಕ್ ಮೇಸನ್, ರಿಚರ್ಡ್ ರೈಟ್ ಈ ಮೂವರೂ ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್‌ನಲ್ಲಿ ವಾಸ್ತುಶಿಲ್ಪದ ವಿದ್ಯಾರ್ಥಿಗಳಾಗಿದ್ದಾಗ ಒಂದುಗೂಡಿದವರು. ಕೇಂಬ್ರಿಜ್‌ನಿಂದ ಬಂದ ಸಿಡ್ ಬ್ಯಾರೆಟ್ ಇವರನ್ನು ಸೇರಿಕೊಂಡರು. ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಎಂಬ ಇಬ್ಬರು ಅಮೆರಿಕನ್ ಬ್ಲೂಸ್ ಗಾಯಕರ ಹೆಸರುಗಳನ್ನು ಜೋಡಿಸಿ ತಂಡಕ್ಕೆ ಹೆಸರಿಟ್ಟವರು ಬ್ಯಾರೆಟ್ಟರೇ. 1967ರ ಆಗಸ್ಟಿನಲ್ಲಿ ಹೊರಬಿದ್ದ ಮೊದಲ ಆಲ್ಬಮಿನ ಹನ್ನೊಂದು ರಚನೆಗಳಲ್ಲಿ ಎಂಟು ಅವರೊಬ್ಬರವೇ. 'ದಿ ಪೈಪರ್ ಅಟ್ ದಿ ಗೇಟ್ಸ್ ಆಫ್ ಡಾನ್' ಎಂಬ ಅದರ ಹೆಸರನ್ನು ಕೆನೆತ್ ಗ್ರಹಾಂ ಮಕ್ಕಳಿಗಾಗಿ ಬರೆದ ಕಥೆಯ ಒಂದು ಅಧ್ಯಾಯದಿಂದ ಆರಿಸಿಕೊಳ್ಳಲಾಗಿತ್ತು. ಮಕ್ಕಳ ಕಥೆಯ ಬೆರಗು, ಇಂಗ್ಲಿಷ್ ಹಳ್ಳಿಗಾಡಿನ ವಿನೋದ, ಆಕಾಶಯಾನದ ಕನಸು ಇವೆಲ್ಲ ಅದರಲ್ಲಿ ಬೆರೆತಿದ್ದವು. ಆ ಆಲ್ಬಂ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 6ನೆಯ ಸ್ಥಾನಕ್ಕೇರಿತು. ಪಿಂಕ್ ಫ್ಲಾಯ್ಡ್ ಎಂದರೆ ಬ್ಯಾರೆಟ್ಟರೇ ಎಂದು ಜನ ತಿಳಿದುದು ಸಹಜವೇ ಸರಿ.

ಆದರೆ ಅದೇ ವರ್ಷದ ಕೊನೆಯ ವೇಳೆಗೆ ಬ್ಯಾರೆಟ್ಟರ ಮನಸ್ಸಿನ ಸ್ವಾಸ್ಥ್ಯ ಕೆಟ್ಟಿತು. ಎಲ್.ಎಸ್.ಡಿ. ಸೇವನೆ ಅದಕ್ಕೊಂದು ಕಾರಣವೆಂದು ಬಲ್ಲವರು ಹೇಳಿದ್ದಾರೆ. ವೇದಿಕೆಯ ಮೇಲೆ ನಿಂತು ಗಿಟಾರನ್ನು ಮುಟ್ಟದೆ ಸುಮ್ಮನಿರುವುದು, ಒಂದೇ ಸ್ವರವನ್ನು ಬಿಡದೆ ಮೀಟುವುದು ಹೆಚ್ಚಾಯಿತು. ಅವರ ಬಾಲ್ಯದ ಗೆಳೆಯ ಡೇವಿಡ್ ಗಿಲ್ಮರ್ ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಕೆಲವು ವಾರ ಐವರಿದ್ದರು. 1968ರ ಜನವರಿಯ ಕೊನೆಯಲ್ಲಿ ಸೌತಾಂಪ್ಟನ್ನಿನ ಕಾರ್ಯಕ್ರಮಕ್ಕೆ ಹೊರಟ ಗೆಳೆಯರು ಬ್ಯಾರೆಟ್ಟರನ್ನು ಜೊತೆಗೆ ಕರೆದುಕೊಂಡು ಹೋಗಲಿಲ್ಲ. ಏಪ್ರಿಲ್ ತಿಂಗಳಲ್ಲಿ ಅವರು ತಂಡವನ್ನು ಬಿಟ್ಟರೆಂದು ಪ್ರಕಟಣೆ ಹೊರಟಿತು. ಕಂಪೆನಿ ನಾಟಕದಲ್ಲಿ ರಾಜಪಾರ್ಟಿನವನೇ ಹೊರಟುಹೋದರೆ ಉಳಿದವರ ಪಾಡೇನಾದೀತೋ ಇವರ ಪಾಡೂ ಅದೇ ಆಯಿತು. ಇಲ್ಲಿಯಂತೂ ಹೋದವರು ಪಾತ್ರಧಾರಿ ಮಾತ್ರವಲ್ಲ, ನಾಟಕ ಬರೆದುಕೊಡುತ್ತಿದ್ದವರೂ ಅವರೇ.

ಎರಡನೆಯ ಆಲ್ಬಂ ಹುಟ್ಟಿದುದು ಈ ಸಂಕಟದ ನಡುವೆ. 1968ರ ಜೂನ್ ಕೊನೆಯಲ್ಲಿ ಹೊರಬಂದ ಅದರಲ್ಲಿ ಏಳು ರಚನೆಗಳಿವೆ. ವಾಟರ್ಸರು ಮೂರನ್ನು, ರೈಟ್ ಅವರು ಎರಡನ್ನು ಬರೆದರು. ಬ್ಯಾರೆಟ್ಟರದು 'ಜಗ್‌ಬ್ಯಾಂಡ್ ಬ್ಲೂಸ್' ಒಂದೇ. ಆಲ್ಬಮಿನ ಹೆಸರನ್ನೇ ಹೊತ್ತ ಸುಮಾರು ಹನ್ನೆರಡು ನಿಮಿಷಗಳ ವಾದ್ಯರಚನೆ ಉಳಿದ ನಾಲ್ವರೂ ಕೂಡಿ ಕಟ್ಟಿದ್ದು. ಇದಕ್ಕೆ ಸ್ವರಲಿಪಿ ಇರಲಿಲ್ಲ. ವಾಟರ್ಸ್ ಮತ್ತು ಮೇಸನ್ ತಮ್ಮ ವಾಸ್ತುಶಿಲ್ಪದ ಅಭ್ಯಾಸಕ್ಕೆ ತಕ್ಕಂತೆ ಕಾಗದದ ಮೇಲೆ ಏರಿಳಿತಗಳ ನಕ್ಷೆಯೊಂದನ್ನು ಬರೆದು, ಆ ನಕ್ಷೆಯಂತೆ ನಾದವನ್ನು ಹೊಂದಿಸಿದರು. ಮೊದಲಲ್ಲಿ ಅಸ್ಪಷ್ಟವಾದ ಕಳವಳ. ಬಳಿಕ ಡ್ರಮ್ಮಿನ ಒಂದೇ ಲಯದ ಮೇಲೆ ಪಿಯಾನೋ ಗಿಟಾರುಗಳ ಕೋಲಾಹಲ. ಅನಂತರ ಅದೆಲ್ಲ ಅಡಗುವ ಹೊತ್ತು. ಕೊನೆಗೆ ಆರ್ಗನ್ನಿನ ಮೇಲೆ ಮಾತಿಲ್ಲದ ಕಂಠಗಳು ಏರುವ, ಪ್ರಾರ್ಥನೆಯಂತಹ ಶಾಂತಿ. ಯುದ್ಧ ಮತ್ತು ಯುದ್ಧದ ನಂತರದ ಶೋಕ ಎಂದು ಇದನ್ನು ಅರ್ಥೈಸುವುದುಂಟು.

ಇದಕ್ಕೆ ಅಂದಿನ ವಿಮರ್ಶಕರು ಏನೆಂದರು? ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಎಂಬ ಲಂಡನ್ ವಾರಪತ್ರಿಕೆಯ ವಿಮರ್ಶಕರಿಗೆ ಈ ದೀರ್ಘ ರಚನೆ ಬೇಸರ ತರಿಸುವ ಏಕತಾನತೆಯಾಗಿ ಕಂಡಿತು. ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆಗೆ ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ. ಅದರಲ್ಲಿ ಬರೆದ ಜಿಮ್ ಮಿಲ್ಲರ್, ಈ ಆಲ್ಬಂ ಮೊದಲಿನದರಷ್ಟು ಸ್ವಾರಸ್ಯವಾಗಿಲ್ಲವೆಂದೂ, ಬ್ಯಾರೆಟ್ಟರ ಪಾಲು ಕಡಿಮೆಯಾದುದೇ ಕೊರತೆಯೆಂದೂ ತೀರ್ಮಾನಿಸಿದರು. ಇಂಟರ್‌ನ್ಯಾಷನಲ್ ಟೈಮ್ಸ್ ಎಂಬ ಹೊಸ ಪೀಳಿಗೆಯ ಪತ್ರಿಕೆಯ ಅಭಿಪ್ರಾಯ ಇನ್ನೂ ಗಮನಾರ್ಹ. ಆ ಪತ್ರಿಕೆಯ ಪ್ರಾರಂಭೋತ್ಸವದಲ್ಲಿ, 1966ರ ಅಕ್ಟೋಬರಿನಲ್ಲಿ, ನುಡಿಸಿದ್ದವರು ಇದೇ ಪಿಂಕ್ ಫ್ಲಾಯ್ಡ್ ತಂಡದವರು. ಆದರೂ ಅದರಲ್ಲಿ ವಿಮರ್ಶೆ ಬರೆದ ಬ್ಯಾರಿ ಮೈಲ್ಸ್ ದಾಕ್ಷಿಣ್ಯಕ್ಕೆ ಒಳಗಾಗಲಿಲ್ಲ. ವಿದ್ಯುತ್ ಉಪಕರಣಗಳಿಂದಲೇ ಸಂಗೀತ ರಚಿಸುವ ಗಂಭೀರ ರಚನಕಾರರ ಕೃತಿಗಳೊಡನೆ ಹೋಲಿಸಿ, ದೀರ್ಘ ರಚನೆಯಲ್ಲಿ ನಾವೀನ್ಯ ಸಾಲದೆಂದು ಅವರು ಹೇಳಿದರು. ತಂಡದ ಧ್ವನಿಮುದ್ರಣವನ್ನು ನೋಡಿಕೊಳ್ಳುತ್ತಿದ್ದ ನಾರ್ಮನ್ ಸ್ಮಿತ್ ಅವರಿಗೇ ಅದು ರುಚಿಸಿರಲಿಲ್ಲ.

ಇನ್ನೊಂದು ಪಕ್ಷವೂ ಇದ್ದಿತು. ಆಲ್ಬಂ ಬ್ರಿಟನ್ನಿನಲ್ಲಿ 9ನೆಯ ಸ್ಥಾನ ಪಡೆಯಿತು. ಅಮೆರಿಕದಲ್ಲಿ ಮಾತ್ರ ಅಂದು ಪಟ್ಟಿಯನ್ನೇ ಮುಟ್ಟಲಿಲ್ಲ. 1968ರ ಜೂನ್ 29ರಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ತಂಡದವರು ಟಿಕೆಟ್ಟಿಲ್ಲದ ಬಯಲು ಕಚೇರಿ ನಡೆಸಿದರು. ಅಲ್ಲಿ ಕೇಳಿದುದನ್ನು ಬಿ.ಬಿ.ಸಿ. ರೇಡಿಯೋದ ಜಾನ್ ಪೀಲ್ ಒಂದು ಧಾರ್ಮಿಕ ಅನುಭವಕ್ಕೆ ಹೋಲಿಸಿದರು. ಬೇಸರವೆಂದವರು ಮನೆಯೊಳಗೆ ತಟ್ಟೆಯನ್ನು ತಿರುಗಿಸಿ ಕೇಳಿದವರು. ಪರವಶರಾದವರು ಆಕಾಶದಡಿಯಲ್ಲಿ, ಜನರ ನಡುವೆ ಕೇಳಿದವರು. ಕೇಳುವ ಸನ್ನಿವೇಶ ಬದಲಾದರೆ ತೀರ್ಪೂ ಬದಲಾಗಬಲ್ಲದು.

ಮುಂದೆ ಏನಾಯಿತು? ತಂಡದವರು ಆ ದೀರ್ಘ ರಚನೆಯನ್ನು ಕೈಬಿಡಲಿಲ್ಲ. 1969ರ 'ಉಮ್ಮಗುಮ್ಮ'ದಲ್ಲಿ ಅದರ ಸಭಾವಾದನ ಅಚ್ಚಾಯಿತು. 1971ರಲ್ಲಿ ಇಟಲಿಯ ಪಾಂಪೇಯಿಯ ಪುರಾತನ ರಂಗಸ್ಥಳದಲ್ಲಿ ಪ್ರೇಕ್ಷಕರಿಲ್ಲದೆ ತೆಗೆದ ಚಲನಚಿತ್ರದಲ್ಲಿಯೂ ಅದನ್ನು ನುಡಿಸಿದರು. ಅದೇ ಮಾರ್ಗದಲ್ಲಿ ನಡೆದು 1971ರ 'ಎಕೋಸ್' ಎಂಬ ದೀರ್ಘ ಕೃತಿಯನ್ನೂ, 1973ರಲ್ಲಿ ಲೋಕಪ್ರಸಿದ್ಧವಾದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಆಲ್ಬಮನ್ನೂ ರಚಿಸಿದರು. ತಾವು ಹಿಡಿಯಬೇಕಾದ ದಾರಿಯ ಮೊದಲ ಸುಳಿವು ಆ ರಚನೆಯಲ್ಲಿಯೇ ದೊರೆಯಿತೆಂದು ಗಿಲ್ಮರ್ ಹೇಳಿದ್ದಾರೆ. ತಂಡದ ಆಲ್ಬಮುಗಳಲ್ಲಿ ಇದೇ ತಮಗೆ ಅಚ್ಚುಮೆಚ್ಚೆಂದು ಹೇಳಿದ ಮೇಸನ್, 2018ರಲ್ಲಿ ತಾವು ಕಟ್ಟಿದ ಹೊಸ ತಂಡಕ್ಕೆ ಇದರ ಹೆಸರನ್ನೇ ಇಟ್ಟರು. ಇಂದಿನ ವಿಮರ್ಶಕರು ಇದನ್ನು ಒಂದು ಯುಗದಿಂದ ಇನ್ನೊಂದಕ್ಕೆ ದಾಟಿಸಿದ ಸಂಕ್ರಮಣ ಕೃತಿಯೆಂದು ಗೌರವಿಸುತ್ತಾರೆ.

ಹಾಗಾದರೆ ಅಂದಿನವರು ತಪ್ಪಿದರು, ಇಂದಿನವರು ಸರಿಯೆಂದು ಹೇಳಿ ಮುಗಿಸಬಹುದೆ? ಅಷ್ಟು ಸುಲಭವಾಗಿ ಹೇಳಲಾಗದು. 'ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ' ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. 1973ರ ಕೀರ್ತಿಯನ್ನು ಬಲ್ಲವನು 1968ರ ಕೃತಿಯಲ್ಲಿ ಆ ಕೀರ್ತಿಯ ಬೀಜವನ್ನು ಕಾಣುವುದು ದೊಡ್ಡ ಮಾತಲ್ಲ. ಆ ಬೀಜ ಮೊಳೆಯದೆ ಹೋಗಿದ್ದರೆ ಇದೇ ಕೃತಿಯನ್ನು ಯಾರು ಹೀಗೆ ಹೊಗಳುತ್ತಿದ್ದರು? ಹಳೆಯ ವಿಮರ್ಶಕರು ತಮ್ಮ ಮುಂದಿದ್ದುದನ್ನು ಮಾತ್ರ ಕೇಳಿದರು. ಆಲ್ಬಮಿನಲ್ಲಿ ಏಕಸೂತ್ರತೆ ಇಲ್ಲವೆಂಬುದು, ಕೆಲವು ಹಾಡುಗಳು ಬ್ಯಾರೆಟ್ಟರ ಶೈಲಿಯ ನೆರಳಿನಂತಿವೆ ಎಂಬುದು ಇಂದು ಕೇಳಿದರೂ ನಿಜವೇ. ಅವರು ಎಡವಿದ್ದು ಬೇರೊಂದು ಕಡೆ. ಇಲ್ಲದ ಬ್ಯಾರೆಟ್ಟರನ್ನು ಹುಡುಕುತ್ತ, ಇದ್ದ ನಾಲ್ವರ ಹೊಸ ಯತ್ನವನ್ನು ಅದರದೇ ಅಳತೆಯಿಂದ ಅಳೆಯಲಿಲ್ಲ. ನಮ್ಮ ಆಲಂಕಾರಿಕರು ಹೇಳುವ ಔಚಿತ್ಯ ಕೃತಿಗೆ ಮಾತ್ರ ಅಲ್ಲ, ವಿಮರ್ಶೆಯ ಅಳತೆಗೋಲಿಗೂ ಬೇಕು.

ಈ ನಿದರ್ಶನದಿಂದ ವಿದ್ಯಾರ್ಥಿಗಳು ಗ್ರಹಿಸಬೇಕಾದ ಅಂಶಗಳು ಮೂರು. ಒಂದು, ವಿಮರ್ಶೆಯನ್ನು ಓದುವಾಗ ವಿಮರ್ಶಕನು ಕೃತಿಯನ್ನು ಯಾವುದರೊಡನೆ ಹೋಲಿಸುತ್ತಿದ್ದಾನೆಂದು ಮೊದಲು ಕೇಳಿಕೊಳ್ಳಬೇಕು. ಮಿಲ್ಲರ್ ಹೋಲಿಸಿದುದು ಹಿಂದಿನ ಆಲ್ಬಮಿನೊಡನೆ, ಮೈಲ್ಸ್ ಹೋಲಿಸಿದುದು ಬೇರೊಂದು ಸಂಗೀತಪದ್ಧತಿಯೊಡನೆ; ಇಬ್ಬರೂ ಮೆಚ್ಚಲಿಲ್ಲವಾದರೂ ಇಬ್ಬರ ಕಾರಣ ಒಂದಲ್ಲ. ಎರಡು, ಮೊದಲ ತೀರ್ಪನ್ನು ಸಾಕ್ಷ್ಯವೆಂದು ಭಾವಿಸಬೇಕು, ಕೊನೆಯ ತೀರ್ಪೆಂದಲ್ಲ. ಮೂರು, ಕಾಲದ ತೀರ್ಪನ್ನೂ ಕಣ್ಣುಮುಚ್ಚಿ ಒಪ್ಪದೆ ನಮ್ಮ ಕಿವಿಯಿಂದಲೇ ಪರೀಕ್ಷಿಸಬೇಕು.

ಕೊನೆಗೆ ಒಂದು ಮಾತು. ಈ ಆಲ್ಬಮಿನ ಕೊನೆಯ ಹಾಡು ಬ್ಯಾರೆಟ್ಟರ 'ಜಗ್‌ಬ್ಯಾಂಡ್ ಬ್ಲೂಸ್'. ತಾನು ಕುಳಿತ ಸಭೆಯಲ್ಲಿಯೇ ತಾನಿಲ್ಲವೆಂಬ ಭಾವ ಅದರ ಜೀವಾಳ. ನಡುವೆ ಸಾಲ್ವೇಷನ್ ಆರ್ಮಿಯ ವಾದ್ಯಮೇಳವೊಂದು ತೋಚಿದಂತೆ ನುಡಿಸಿ ಹೋಗುತ್ತದೆ. ಆ ಮೇಲೆ ಒಂಟಿ ಗಿಟಾರು, ಒಂಟಿ ಕಂಠ, ಉತ್ತರವಿಲ್ಲದ ಪ್ರಶ್ನೆ. ಬ್ಯಾರೆಟ್ಟರು ಆಮೇಲೆ ಒಂಟಿಯಾಗಿ ಎರಡು ಆಲ್ಬಮುಗಳನ್ನು ಮಾಡಿ, ಸಂಗೀತವನ್ನೇ ತೊರೆದು, 2006ರಲ್ಲಿ ಕೇಂಬ್ರಿಜ್‌ನಲ್ಲಿ ತೀರಿಕೊಂಡರು. ಆಲ್ಬಮು ಗೆದ್ದಿತೋ ಸೋತಿತೋ ಎಂಬ ಚರ್ಚೆಯಲ್ಲಿ ನಾವು ಮುಳುಗಿರುವಾಗ, ಒಬ್ಬ ಮನುಷ್ಯನು ತನ್ನ ಗೆಳೆಯರಿಂದ ದೂರವಾಗುತ್ತಿದ್ದುದನ್ನು ಅದು ದಾಖಲಿಸಿದೆಯೆಂಬುದನ್ನು ಮರೆಯಬಾರದು. ವಿಮರ್ಶೆ ಅಂಕ ಕೊಡುವ ಮೊದಲು ಆ ಹಾಡನ್ನು ಕೊನೆಯವರೆಗೂ ಕೇಳಬೇಕು.