ಕ್ಷಯ ತಪಾಸಣೆಗೆ ಊರಿನ ಸ್ವಯಂಸೇವಕರು



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ಕ್ಷಯ ತಪಾಸಣೆಗೆ ಊರಿನವರನ್ನೇ ಅಣಿಗೊಳಿಸುವ ಬಗೆಯನ್ನು ಈ ಸಲ ನೋಡೋಣ.

ನಾಗಮಂಗಲದ ನೆರೆಯ ತುಮಕೂರು ಜಿಲ್ಲೆಯಲ್ಲಿ 1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ ಎಂಬ ಮಾತು ಅಲ್ಲಿ ಸುಳ್ಳಾಯಿತು. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಚಿಕಿತ್ಸೆ ಕೇಳಿಕೊಂಡು ಹೋಗಿದ್ದರು. ಅನೇಕರು ಕೆಮ್ಮಿನ ಔಷಧಿಯ ಸೀಸೆ ಹಿಡಿದು ವಾಪಸಾಗಿದ್ದರು. ಆದುದರಿಂದ ಸ್ವಯಂಸೇವಕರ ಕೆಲಸ ಭಾಷಣವಲ್ಲ, ಕಫ ಪರೀಕ್ಷೆಗೆ ತಲುಪುವಂತೆ ನೋಡುವುದು.

ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿತ, ಕಫದಲ್ಲಿ ರಕ್ತ ಇವನ್ನು ವಿಚಾರಿಸಬೇಕು. ರಕ್ತವನ್ನು ಎಲೆಅಡಿಕೆಯ ಕೆಂಪೆಂದು ತಳ್ಳಿಹಾಕುವವರು ನಮ್ಮಲ್ಲಿ ಕಡಿಮೆಯಿಲ್ಲ. (ಅಡಿಕೆ ಬೆಳೆಯುವ ನಾವೇ ಇದನ್ನು ಹೇಳಬೇಕಾಗಿದೆ!) ಕಫ ಕೊಡುವ ಮುನ್ನ ಬಾಯಿ ಮುಕ್ಕಳಿಸಲಿ. ಡಬ್ಬಿಗೆ ಎಂಜಲು ಬೇಡ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು. ಬೆಳಿಗ್ಗೆ ಎದ್ದೊಡನೆ ತೆಗೆದದ್ದು ಉತ್ತಮ. ಮನೆಯೊಳಗೆ ಬೇಡ, ಬಯಲಿನಲ್ಲಿ ತೆಗೆಯಲಿ.

ಆಶಾ ಕಾರ್ಯಕರ್ತೆಯ ಜೊತೆಗೆ ಬೀದಿಗೊಬ್ಬರಂತೆ ಸ್ವಯಂಸೇವಕರಿರಲಿ; ಹೆಂಗಸರು ಖಂಡಿತ ಬೇಕು. ಕಾಯಿಲೆಯಿಂದ ಗುಣವಾದವರು ಬರಲೊಪ್ಪಿದರೆ ಅವರ ಮಾತಿಗೆ ಹೆಚ್ಚು ಬೆಲೆ. ಹಗಲಲ್ಲಿ ಜನ ಗದ್ದೆ ತೋಟಗಳಲ್ಲಿರುತ್ತಾರೆ, ದೀಪ ಹಚ್ಚುವ ಹೊತ್ತಿಗೆ ಹೋಗಬೇಕು. ಆಲೆಮನೆಯವರನ್ನೂ, ಕಬ್ಬು ಕಡಿಯಲು ಬಂದು ಗುಡಿಸಲು ಹಾಕಿಕೊಂಡವರನ್ನೂ ಬಿಡುವಂತಿಲ್ಲ. ಮತದಾರರ ಪಟ್ಟಿ ಹಿಡಿದು ಹೊರಟರೆ ಇವರು ಸಿಗುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ಸಂಗತಿ ಗುಟ್ಟು. ಮದುವೆಗೆ ಬಂದ ಮಗಳಿರುವ ಮನೆಯವರು ಕೆಮ್ಮನ್ನು ಮುಚ್ಚಿಡುತ್ತಾರೆ. ಅವರನ್ನು ಬೈದು ಫಲವಿಲ್ಲ. ಒಬ್ಬರ ಹೆಸರು ಡೇರಿಯ ಮುಂದೆ ಮಾತಾದರೆ ಮುಂದಿನ ಹತ್ತು ಮನೆಗಳ ಬಾಗಿಲು ಮುಚ್ಚಿದಂತೆಯೇ. ಬಾಯಿ ಬಿಗಿ ಹಿಡಿಯಲಾರದವರು ಎಷ್ಟೇ ಚುರುಕಾಗಿದ್ದರೂ ಈ ಕೆಲಸಕ್ಕೆ ಬೇಡವೆಂಬುದು ನಮ್ಮ ಅಭಿಪ್ರಾಯ.

ಒಂದು ಕಾಫಿ ಗಿಡದಲ್ಲಿ ಕಾಂಡಕೊರಕ ಕಂಡರೆ ನಾವು ಸುತ್ತಲ ಗಿಡಗಳನ್ನೂ ನೋಡುತ್ತೇವಲ್ಲವೇ? ಹಾಗೆಯೇ ರೋಗಿಯ ಮನೆಯವರೆಲ್ಲರ ತಪಾಸಣೆಯಾಗಬೇಕು, ಮಕ್ಕಳದ್ದು ಮೊದಲು.

ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಮಾತ್ರೆ, ಸರ್ಕಾರದಿಂದ ಉಚಿತ. ಎರಡನೆಯ ತಿಂಗಳಿಗೆ ಮೈಗೆ ಹಗುರವೆನಿಸಿ ಮಾತ್ರೆ ಬಿಡುವವರುಂಟು. ಹಾಗೆ ಬಿಟ್ಟರೆ ಕಾಯಿಲೆ ಮರುಕಳಿಸಬಹುದು, ಔಷಧಿಗೆ ಬಗ್ಗದೆಯೂ ಹೋಗಬಹುದು. ಕೂಲಿಯಾಳು ಕೆಲಸ ಹೋದೀತೆಂಬ ಭಯದಿಂದ ಆಸ್ಪತ್ರೆಗೆ ಹೋಗದಿದ್ದರೆ ಅದರಲ್ಲಿ ತೋಟದ ಯಜಮಾನರ ಪಾಲೂ ಇದೆ. ಪೌಷ್ಟಿಕ ಆಹಾರಕ್ಕಾಗಿ 2018ರಿಂದ ತಿಂಗಳಿಗೆ 500 ರೂಪಾಯಿ ಇದ್ದ ಸಹಾಯಧನ 2024ರ ನವೆಂಬರಿನಿಂದ 1000 ಆಗಿದೆ. ಹಣ ಬ್ಯಾಂಕಿನ ಖಾತೆಗೇ ಬರುವುದರಿಂದ ರೋಗಿಯ ಪಾಸ್‌ಬುಕ್ ಸರಿಯಿದೆಯೇ ಎಂದು ಸ್ವಯಂಸೇವಕರು ಮೊದಲ ವಾರದಲ್ಲೇ ವಿಚಾರಿಸಲಿ.